ಗಾಳಿಯ ದಾರಿ ತೆರೆಯುವ ಮೊದಲು ಅಳೆದು ನೋಡಿ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಸ್ಪೋರ್ಟ್ಸ್ ಕಾರುಗಳ ಎಂಜಿನ್ ಶಕ್ತಿಯನ್ನು ಕಡಿಮೆ ಖರ್ಚಿನಲ್ಲಿ ಹೆಚ್ಚಿಸಿಕೊಳ್ಳುವ ಬಗ್ಗೆ ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಇತ್ತೀಚೆಗೆ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಕಾರ್ಖಾನೆಯಿಂದಲೇ ಬಂದ ಏರ್ ಫಿಲ್ಟರ್ ಪೆಟ್ಟಿಗೆಯನ್ನು ಕಳಚಿ ಹಾಕಿ, ಅದರ ಜಾಗದಲ್ಲಿ ಬಾನೆಟ್ ಒಳಗೇ ತೆರೆದ ಕೋನ್ ಫಿಲ್ಟರ್ (ಶಂಕುವಿನ ಆಕಾರದ ಫಿಲ್ಟರ್) ಕೂರಿಸಿದರೆ ಎಂಜಿನ್‌ಗೆ ಹೆಚ್ಚು ಗಾಳಿ ಸಿಗುತ್ತದೆ, ಹೆಚ್ಚು ಗಾಳಿ ಸಿಕ್ಕರೆ ಹೆಚ್ಚು ಶಕ್ತಿ ಬರುತ್ತದೆ ಎಂಬುದು ಆ ಲೇಖನದ ಮುಖ್ಯ ಸಲಹೆ. ಹೆಚ್ಚು ಗಾಳಿ ಹೋದರೆ ಹೆಚ್ಚು ಶಕ್ತಿ ಬರುತ್ತದೆ ಎಂಬ ಮಾತು ಸರಿಯೇ. ಆದರೆ ಫ್ಯುಯೆಲ್ ಇಂಜೆಕ್ಷನ್ ಇರುವ ಹಳೆಯ ಎಂಜಿನ್‌ನಲ್ಲಿ, ಅದರಲ್ಲೂ ಮೈಸೂರು ಮಂಡ್ಯದ ಬಿಸಿಲು ಮತ್ತು ದೂಳಿನಲ್ಲಿ, ಆ ಸಲಹೆಯನ್ನು ಹಾಗೆಯೇ ಪಾಲಿಸಿದರೆ ಬಹುತೇಕ ಕಾರುಗಳು ಶಕ್ತಿ ಕಳೆದುಕೊಳ್ಳುತ್ತವೆ; ಕೆಲವು ಎಂಜಿನ್‌ಗಳು ಶಾಶ್ವತವಾಗಿ ಸವೆದುಹೋಗುತ್ತವೆ. ಆಟೊಮೊಬೈಲ್ ವಿಷಯವನ್ನು ದೀರ್ಘಕಾಲ ಬೋಧಿಸಿದವನಾಗಿ ಈ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಮೊದಲಿಗೆ, ಈ ಸಲಹೆ ನಮ್ಮ ಊರಿನಲ್ಲಿ ಇಷ್ಟು ಸುಲಭವಾಗಿ ಒಪ್ಪಿಗೆಯಾಗುವುದಕ್ಕೆ ಒಂದು ಕಾರಣವಿದೆ. ಯಾದವಗಿರಿಯ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಿಂದ 1996ರವರೆಗೆ ಜಾವಾ ಮತ್ತು ಯೆಜ್ದಿ ಬೈಕುಗಳು ತಯಾರಾದ ಊರು ಇದು. ಆ ಬೈಕುಗಳಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್ ಬಿಚ್ಚಿ, ಜೆಟ್ (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಬಿಡಿಭಾಗ) ಬದಲಿಸಿ, ಸದ್ದು ಕೇಳಿಯೇ ಟ್ಯೂನಿಂಗ್ ಮಾಡಬಲ್ಲ ಮೆಕ್ಯಾನಿಕ್‌ಗಳ ಎರಡು ತಲೆಮಾರುಗಳನ್ನು ಈ ಊರು ಬೆಳೆಸಿತು. ಅವರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವವಿದೆ. ಕಾರ್ಬ್ಯುರೇಟರ್‌ನಲ್ಲಿ ಗಾಳಿ ಹರಿಯುವ ಸೆಳೆತವೇ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಗಾಳಿಯ ದಾರಿಯನ್ನು ಸಡಿಲಿಸಿ, ದೊಡ್ಡ ಜೆಟ್ ಹಾಕಿ, ಸ್ಪಾರ್ಕ್ ಪ್ಲಗ್‌ನ ಬಣ್ಣ ನೋಡಿ ಹೊಂದಿಸಿದರೆ ಕೆಲಸ ಮುಗಿಯುತ್ತಿತ್ತು. ಇಂಜೆಕ್ಷನ್ ಎಂಜಿನ್‌ನಲ್ಲಿ ಹಾಗಿಲ್ಲ. ಅಲ್ಲಿ ಗಾಳಿಯನ್ನು ಮೊದಲು ಅಳೆಯಲಾಗುತ್ತದೆ, ಆ ಅಳತೆಯನ್ನು ನಂಬಿ ಇಸಿಯು, ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಪೆಟ್ರೋಲನ್ನು ಚಿಮ್ಮಿಸುತ್ತದೆ. ಆದ್ದರಿಂದ ಗಾಳಿಯ ದಾರಿಯಲ್ಲಿ ಕೈಯಾಡಿಸುವವರು ತಾವು ಅಳತೆಯ ಉಪಕರಣಕ್ಕೇ ಕೈ ಹಾಕುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ಈ ಅಳತೆಯ ಕ್ರಮ ಕಾರಿನಿಂದ ಕಾರಿಗೆ ಬೇರೆ. 1967ರಲ್ಲಿ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಬಳಕೆಗೆ ಬಂದ ಬಾಷ್ ಕಂಪನಿಯ ಡಿ-ಜೆಟ್ರಾನಿಕ್ ವ್ಯವಸ್ಥೆಯು ಮ್ಯಾನಿಫೋಲ್ಡ್‌ನೊಳಗಿನ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆಯೊಳಗಿನ) ಒತ್ತಡವನ್ನು ಅಳೆದು ಗಾಳಿಯ ಪ್ರಮಾಣವನ್ನು ಅಂದಾಜು ಮಾಡುತ್ತಿತ್ತು. 1970ರ ದಶಕದ ಮೊದಲರ್ಧದಲ್ಲಿ ಬಂದ ಎಲ್-ಜೆಟ್ರಾನಿಕ್, ಗಾಳಿಯ ಹಾದಿಯಲ್ಲೇ ಸ್ಪ್ರಿಂಗ್ ಇರುವ ಒಂದು ಫ್ಲ್ಯಾಪ್ ಇಟ್ಟು, ಗಾಳಿ ಅದನ್ನು ಎಷ್ಟು ತಳ್ಳುತ್ತದೆ ಎಂಬುದನ್ನು ವಿದ್ಯುತ್ ಸಂಕೇತವಾಗಿ ಪರಿವರ್ತಿಸುತ್ತಿತ್ತು. 1982ರಲ್ಲಿ ಬಂದ ಪೋರ್ಷೆ 944, 1989ರಲ್ಲಿ ಬಂದ 1.6 ಲೀಟರ್ ಎಂಜಿನ್‌ನ ಮಜ್ದಾ ಎಂಎಕ್ಸ್-5 ಮುಂತಾದ ಸ್ಪೋರ್ಟ್ಸ್ ಕಾರುಗಳಲ್ಲಿ ಇರುವುದು ಇಂಥ ಫ್ಲ್ಯಾಪ್ ಮಾದರಿಯ ಏರ್ ಫ್ಲೋ ಮೀಟರ್. ಅನಂತರದ ಕಾರುಗಳಲ್ಲಿ ಬಿಸಿ ತಂತಿಯ ಮೀಟರ್ ಬಂತು. ಗಾಳಿ ಆ ತಂತಿಯನ್ನು ಎಷ್ಟು ತಣಿಸುತ್ತದೆ ಎಂಬುದರಿಂದ ಗಾಳಿಯ ತೂಕವೇ ನೇರವಾಗಿ ಗೊತ್ತಾಗುತ್ತದೆ. ನಮ್ಮಲ್ಲಿ 2000ದ ಆಸುಪಾಸಿನಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ಬಂದ ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಪ್ರತ್ಯೇಕ ಇಂಜೆಕ್ಟರ್ ಇರುವ) ಕಾರುಗಳಲ್ಲಿ ಹಲವು ಮತ್ತೆ ಒತ್ತಡ ಅಳೆಯುವ ಮಾದರಿಯವು. ಕೋನ್ ಫಿಲ್ಟರ್ ಕೊಳ್ಳುವ ಮೊದಲು ಕಾರಿನ ಮಾಲೀಕರು ತಮ್ಮ ಎಂಜಿನ್ ಈ ಮೂರರಲ್ಲಿ ಯಾವುದು ಎಂಬುದನ್ನಾದರೂ ತಿಳಿದುಕೊಳ್ಳಬೇಕು. ಲೇಖನದಲ್ಲಿ ಇದರ ಪ್ರಸ್ತಾಪವೇ ಇಲ್ಲದಿರುವುದು ನನಗೆ ಬಹಳ ಬೇಸರ ತಂದಿತು.

ಫ್ಲ್ಯಾಪ್ ಮೀಟರ್‌ನ ಸ್ವಭಾವವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ಊರಿನ ಎತ್ತರಕ್ಕೂ ಅದಕ್ಕೂ ಸಂಬಂಧವಿದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ ಸುಮಾರು 92 ಕಿಲೋಪ್ಯಾಸ್ಕಲ್, ಅಂದರೆ ಸಮುದ್ರತೀರಕ್ಕಿಂತ ಶೇ 9ರಷ್ಟು ಕಡಿಮೆ. ಫ್ಲ್ಯಾಪ್ ತಿಳಿಸುವುದು ಗಾಳಿಯ ತಳ್ಳುವಿಕೆಯನ್ನೇ ಹೊರತು ತೂಕವನ್ನಲ್ಲ. ತೆಳು ಗಾಳಿಯಲ್ಲಿ ಅದರ ಅಳತೆ ನಿಜವಾದ ತೂಕಕ್ಕಿಂತ ಸ್ವಲ್ಪ ಹೆಚ್ಚು ತೋರಿಸುತ್ತದೆ. ಎತ್ತರವನ್ನು ಗುರುತಿಸುವ ಪ್ರತ್ಯೇಕ ಸೆನ್ಸರ್ ಇಲ್ಲದ ಕಾರುಗಳಲ್ಲಿ ಈ ವ್ಯತ್ಯಾಸ ಮೈಸೂರಿನಲ್ಲಿ ಶೇ 4ರಿಂದ 5ರಷ್ಟಾಗಿ, ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಪೆಟ್ರೋಲ್ ಅಷ್ಟರಮಟ್ಟಿಗೆ ಹೆಚ್ಚು ಬೀಳುತ್ತದೆ. ಇನ್ನೊಂದೆಡೆ, ಈಗ ನಮ್ಮ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಮಂಡ್ಯದ ಕಬ್ಬು ಬೆಳೆಗಾರರಿಗೆ ಎಥನಾಲ್‌ನಿಂದ ಒಳ್ಳೆಯದಾಗಲಿ ಎಂದೇ ನಾನೂ ಹಾರೈಸುವವನು; ಆದರೆ ಅದರಲ್ಲಿ ಆಮ್ಲಜನಕ ಅಡಗಿರುವುದರಿಂದ ಒಂದು ಕಿಲೋ ಇಂಧನಕ್ಕೆ ಬೇಕಾದ ಗಾಳಿ 14.7 ಕಿಲೋದಿಂದ ಸುಮಾರು 13.5 ಕಿಲೋಗೆ ಇಳಿಯುತ್ತದೆ. ಶುದ್ಧ ಪೆಟ್ರೋಲ್‌ಗೆ ಹೊಂದಿಸಿದ ಹಳೆಯ ಇಸಿಯುವಿಗೆ ಇದು ಗೊತ್ತಿರುವುದಿಲ್ಲವಾದ್ದರಿಂದ ಗಾಳಿ-ಪೆಟ್ರೋಲ್ ಮಿಶ್ರಣ ಶೇ 7ರಷ್ಟು ತೆಳುವಾಗುತ್ತದೆ, ಅಂದರೆ ಪೆಟ್ರೋಲ್ ಕಡಿಮೆ ಬೀಳುತ್ತದೆ. ಆಕ್ಸಿಜನ್ ಸೆನ್ಸರ್ ಇರುವ ಕಾರುಗಳು ಸಾಧಾರಣ ವೇಗದಲ್ಲಿ ಇದನ್ನು ತಾವೇ ಸರಿಪಡಿಸಿಕೊಳ್ಳುತ್ತವೆ. ಪೂರ್ತಿ ಆಕ್ಸಿಲರೇಟರ್‌ನಲ್ಲಿ ಆ ಸೆನ್ಸರಿನ ಮಾತನ್ನು ಹಳೆಯ ಇಸಿಯು ಕೇಳುವುದಿಲ್ಲ. ಹೀಗೆ ಎತ್ತರದಿಂದ ಒಂದು ದಿಕ್ಕಿಗೆ, ಎಥನಾಲ್‌ನಿಂದ ಮತ್ತೊಂದು ದಿಕ್ಕಿಗೆ ಎಳೆತವಿದ್ದು, ಕಾರು ಹೇಗೋ ನಡುವೆ ನಿಂತಿರುತ್ತದೆ. ಇಂಥ ಸ್ಥಿತಿಯಲ್ಲಿ ಫಿಲ್ಟರ್ ಬದಲಿಸಿ, ಫ್ಲ್ಯಾಪ್‌ಗೆ ಗಾಳಿ ತಾಕುವ ರೀತಿಯನ್ನೇ ಬದಲಿಸಿದರೆ ಮಿಶ್ರಣ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಅಳೆಯದೆ ಯಾರೂ ಹೇಳಲಾರರು. ಹೊಗೆ ತಪಾಸಣೆಯಲ್ಲಿ ಪಾಸಾಗಿದೆ ಎಂಬುದು ಇದಕ್ಕೆ ಉತ್ತರವಾಗುವುದಿಲ್ಲ, ಏಕೆಂದರೆ ಹಳೆಯ ಪೆಟ್ರೋಲ್ ಕಾರುಗಳ ಆ ತಪಾಸಣೆ ನಡೆಯುವುದು ಎಂಜಿನ್ ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗ.

ಇನ್ನು ಬಿಸಿಯ ವಿಷಯ. ಲೇಖನದ ಸಲಹೆಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆಕ್ಷೇಪ ಇರುವುದು ಇಲ್ಲಿಯೇ. ಬೇಸಿಗೆಯ ಮಧ್ಯಾಹ್ನ ಹೊರಗಿನ ಗಾಳಿ 35 ಡಿಗ್ರಿ ಇದೆ ಎಂದುಕೊಳ್ಳೋಣ. ದೇವರಾಜ ಅರಸು ರಸ್ತೆಯ ವಾಹನ ದಟ್ಟಣೆಯಲ್ಲಿ ತೆವಳಿದ ಕಾರಿನ ಬಾನೆಟ್ ಒಳಗೆ ಅದು 65 ಡಿಗ್ರಿ ಮುಟ್ಟುವುದು ಅಚ್ಚರಿಯೇನಲ್ಲ. ಈ 30 ಡಿಗ್ರಿಯ ಏರಿಕೆಯಿಂದ ಗಾಳಿಯ ಸಾಂದ್ರತೆ ಶೇ 9ರಷ್ಟು ಕುಸಿಯುತ್ತದೆ. ಇದು ಪಿಯುಸಿ ಭೌತವಿಜ್ಞಾನದ ಲೆಕ್ಕ. ಎಂಜಿನ್‌ಗೆ ಬೇಕಾದುದು ಗಾಳಿಯ ತೂಕ. ಕಾರ್ಖಾನೆಯವರು ಮುಚ್ಚಿದ ಪೆಟ್ಟಿಗೆ ಇಟ್ಟು, ಅದರಿಂದ ಒಂದು ಕೊಳವೆಯನ್ನು ಹೆಡ್‌ಲೈಟ್ ಹಿಂಬದಿಗೋ ರೇಡಿಯೇಟರ್ ಪಕ್ಕಕ್ಕೋ ತಂದಿರುವುದು ಹೊರಗಿನ ತಣ್ಣನೆಯ ಗಾಳಿ ಸಿಗಲೆಂದು. ಅದನ್ನು ಕಿತ್ತು, ಹೊಗೆ ಹೊರಹಾಕುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ ಕಾವಿನಲ್ಲಿ ಕೋನ್ ಫಿಲ್ಟರ್ ನಿಲ್ಲಿಸಿದರೆ ಎಂಜಿನ್ ಸದ್ದು ಜೋರಾಗುತ್ತದೆ, ಸದ್ದು ಜೋರಾದಾಗ ಪಿಕ್‌ಅಪ್ ಹೆಚ್ಚಿದಂತೆ ಚಾಲಕನಿಗೆ ತೋರುತ್ತದೆ, ಆದರೆ ಒಳಗೆ ಹೋಗುವ ಗಾಳಿಯ ತೂಕ ಇಳಿದಿರುತ್ತದೆ.

ಇದಕ್ಕೆ ಎದುರಾಗಿ ಫಿಲ್ಟರ್ ಪೆಟ್ಟಿಗೆಯ ತಡೆಯಿಂದ ಆಗುವ ನಷ್ಟ ಎಷ್ಟು? 1.6 ಲೀಟರಿನ ಎಂಜಿನ್ ನಿಮಿಷಕ್ಕೆ 6500 ಸುತ್ತು ತಿರುಗುವಾಗ ಲೆಕ್ಕದ ಪ್ರಕಾರ 5200 ಲೀಟರ್, ವಾಸ್ತವದಲ್ಲಿ 4400 ಲೀಟರಿನ ಆಸುಪಾಸು ಗಾಳಿ ಎಳೆಯುತ್ತದೆ. ಅಷ್ಟು ಗಾಳಿ ಹಾಯುವಾಗ ಫಿಲ್ಟರ್, ಮೀಟರ್, ಕೊಳವೆಗಳೆಲ್ಲ ಸೇರಿ ಒಡ್ಡುವ ತಡೆಯನ್ನು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪ್ಲಾಸ್ಟಿಕ್ ಪೈಪ್ ಸಾಕು. ಅದನ್ನು ಒಂದು ಹಲಗೆಯ ಮೇಲೆ ‘ಯು’ ಆಕಾರದಲ್ಲಿ ಬಿಗಿದು, ಸ್ವಲ್ಪ ಶಾಯಿ ಬೆರೆಸಿದ ನೀರನ್ನು ಅರ್ಧದಷ್ಟು ತುಂಬಿಸಿ, ಒಂದು ತುದಿಯನ್ನು ಫಿಲ್ಟರ್ ಮತ್ತು ಥ್ರಾಟಲ್ ಬಾಡಿ (ಆಕ್ಸಿಲರೇಟರ್ ಒತ್ತಿದಾಗ ಗಾಳಿಗೆ ದಾರಿ ತೆರೆಯುವ ಭಾಗ) ನಡುವಿನ ಕೊಳವೆಗೆ ಸೇರಿಸಿ, ಇನ್ನೊಂದನ್ನು ತೆರೆದು ಬಿಡಬೇಕು. ಎಂಜಿನ್ ಪೂರ್ತಿ ಎಳೆತದಲ್ಲಿರುವಾಗ ಎರಡು ಕಡೆಯ ನೀರಿನ ಮಟ್ಟದ ಅಂತರವೇ ತಡೆಯ ಅಳತೆ. ನೀರು ಎಂಜಿನ್ ಸೇರದಂತೆ ಪೈಪಿನ ತೋಳುಗಳು ಒಂದೊಂದು ಮೀಟರಿನಷ್ಟಾದರೂ ಉದ್ದವಿರಬೇಕು, ನಡುವೆ ಒಂದು ಖಾಲಿ ಬಾಟಲಿ ಜೋಡಿಸಿದರೆ ಇನ್ನೂ ಒಳ್ಳೆಯದು. ಇದನ್ನು ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಮಾಡುವುದು ಸರಿಯಾದ ಕ್ರಮ. ಬೆಂಗಳೂರು ಹೆದ್ದಾರಿಯಲ್ಲಿ ಮಾಡಿ ನೋಡುವ ಸಾಹಸ ಯಾರಿಗೂ ಬೇಡ. ಅಲ್ಲಿ ಕಾರುಗಳಿಗೆ ಗಂಟೆಗೆ 100 ಕಿ.ಮೀ. ಮಿತಿ ಇದೆ, ಮಾಪಕದ ಮೇಲೆ ಕಣ್ಣಿಟ್ಟು ಓಡಿಸುವುದು ಇತರರ ಜೀವಕ್ಕೂ ಅಪಾಯ.

ನೀರಿನ ಅಂತರ ಒಟ್ಟು 25 ಸೆಂಟಿಮೀಟರ್ ಬಂತೆಂದರೆ ಅದು ಸುಮಾರು 2.5 ಕಿಲೋಪ್ಯಾಸ್ಕಲ್, ಅಂದರೆ ಇಲ್ಲಿನ ವಾತಾವರಣದ ಒತ್ತಡದಲ್ಲಿ ಶೇ 2.7. ಮೊದಲು ಫಿಲ್ಟರ್ ದಾಟಿದ ಕೂಡಲೇ, ಬಳಿಕ ಮೀಟರ್ ದಾಟಿದ ಮೇಲೆ ಬೇರೆ ಬೇರೆಯಾಗಿ ಅಳೆದರೆ ತಡೆ ಯಾವ ಭಾಗದ್ದು ಎಂಬುದು ಸ್ಪಷ್ಟವಾಗುತ್ತದೆ. ಫಿಲ್ಟರಿನ ಪಾಲು ಬರಿಯ 5 ಸೆಂಟಿಮೀಟರ್ ಆಗಿದ್ದರೆ, ಜಗತ್ತಿನ ಯಾವ ಫಿಲ್ಟರ್ ತಂದು ಹಾಕಿದರೂ ಶೇ ಅರ್ಧಕ್ಕಿಂತ ಹೆಚ್ಚು ಸಿಗುವುದಿಲ್ಲ. ಆ ಅರ್ಧಕ್ಕಾಗಿ ಬಿಸಿಗಾಳಿಯಿಂದ ಶೇ 9 ಕಳೆದುಕೊಳ್ಳುವುದು ಯಾವ ಲೆಕ್ಕ? ಹೀಗೆಯೇ ಒಳಹೋಗುವ ಗಾಳಿಯ ಉಷ್ಣಾಂಶವನ್ನೂ ಅಳೆಯಬಹುದು. ಬಾಷ್ ವ್ಯವಸ್ಥೆಯ ಕಾರುಗಳಲ್ಲಿ ಮೀಟರ್‌ನೊಳಗೇ ಉಷ್ಣಾಂಶದ ಸೆನ್ಸರ್ ಇರುತ್ತದೆ. ಅದರ ರೋಧ 20 ಡಿಗ್ರಿಯಲ್ಲಿ ಸುಮಾರು 2500 ಓಮ್, 80 ಡಿಗ್ರಿಯಲ್ಲಿ 300 ಓಮ್‌ನ ಆಸುಪಾಸು. ಎಂಜಿನ್ ನಿಲ್ಲಿಸಿದ ಕೂಡಲೇ ಪ್ಲಗ್ ಕಳಚಿ ಮಲ್ಟಿಮೀಟರ್ ಹಿಡಿದರೆ ಕೋನ್ ಫಿಲ್ಟರ್ ಹಾಕುವ ಮೊದಲಿಗೂ ಹಾಕಿದ ಮೇಲಕ್ಕೂ ಇರುವ ವ್ಯತ್ಯಾಸವನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು.

ಹಾಗಾದರೆ ಹಳೆಯ ಎಂಜಿನ್‌ನ ಗಾಳಿಯ ದಾರಿಯನ್ನು ಉತ್ತಮಪಡಿಸಲು ಮಾಡಬೇಕಾದುದೇನು? ನನ್ನ ಅಭಿಪ್ರಾಯದಲ್ಲಿ ಮೊದಲ ಕೆಲಸ ಸೋರಿಕೆ ಹುಡುಕುವುದು. ಏರ್ ಫ್ಲೋ ಮೀಟರ್ ಮತ್ತು ಥ್ರಾಟಲ್ ಬಾಡಿ ನಡುವೆ ಮಡಿಕೆ ಮಡಿಕೆಯಾದ ಒಂದು ರಬ್ಬರ್ ಹೋಸ್ ಇರುತ್ತದೆ. ಮೂವತ್ತು ವರ್ಷ ಎಂಜಿನ್ ಕಾವಿನಲ್ಲಿ ಬೆಂದ ಆ ರಬ್ಬರ್ ಮಡಿಕೆಗಳ ಒಳಗೆ, ಮೇಲಿನಿಂದ ಕಾಣದಂತೆ ಬಿರುಕು ಬಿಟ್ಟಿರುವುದು ಅತ್ಯಂತ ಸಾಮಾನ್ಯ. ಆ ಬಿರುಕಿನಿಂದ ನುಗ್ಗುವ ಗಾಳಿ ಮೀಟರ್ ಲೆಕ್ಕಕ್ಕೆ ಸಿಗದೆ ಮಿಶ್ರಣ ತೆಳುವಾಗುತ್ತದೆ, ಐಡಲ್‌ನಲ್ಲಿ ಎಂಜಿನ್ ಏರಿಳಿಯುತ್ತದೆ, ಎಳೆತ ಕುಗ್ಗುತ್ತದೆ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಇಂಜೆಕ್ಟರ್‌ಗಳ ಬುಡದ ರಬ್ಬರ್ ಉಂಗುರ, ಬ್ರೇಕ್ ಬೂಸ್ಟರ್‌ಗೆ ಹೋಗುವ ಹೋಸ್, ಎಂಜಿನ್ ಆಯಿಲ್ ಮುಚ್ಚಳ ಮತ್ತು ಡಿಪ್‌ಸ್ಟಿಕ್‌ನ ಸೀಲ್ ಇವೆಲ್ಲವೂ ಇದೇ ಲೆಕ್ಕಕ್ಕೆ ಸೇರುತ್ತವೆ. ಫ್ಲ್ಯಾಪ್ ಮೀಟರ್‌ನ ಕಾರಿನಲ್ಲಿ ಎಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಮುಚ್ಚಳ ತೆರೆದು ನೋಡಿ, ಎಂಜಿನ್ ತಡಬಡಾಯಿಸಬೇಕು. ಏನೂ ವ್ಯತ್ಯಾಸವಾಗದಿದ್ದರೆ ಬೇರೆಲ್ಲೋ ದೊಡ್ಡ ಸೋರಿಕೆ ಆಗಲೇ ಇದೆ ಎಂದು ಅನುಮಾನಿಸಬೇಕು.

ಎರಡನೆಯದು ಮೀಟರ್. ಅದರೊಳಗೆ ಫ್ಲ್ಯಾಪ್ ಜೊತೆ ಚಲಿಸುವ ಒಂದು ಸಣ್ಣ ಮುಳ್ಳು ಕಾರ್ಬನ್ ಪಟ್ಟಿಯ ಮೇಲೆ ಉಜ್ಜಿಕೊಂಡು ಓಡಾಡುತ್ತದೆ. ವರ್ಷಗಟ್ಟಲೆ ಒಂದೇ ವೇಗದಲ್ಲಿ ಓಡಿದ ಕಾರಿನಲ್ಲಿ ಆ ಪಟ್ಟಿ ಅದೇ ಜಾಗದಲ್ಲಿ ಸವೆದು ಗೀರಾಗಿರುತ್ತದೆ. ಅಲ್ಲಿಗೆ ಬಂದಾಗಲೆಲ್ಲ ಕಾರು ಜರ್ಕ್ ಹೊಡೆಯುತ್ತದೆ. ಮುಳ್ಳನ್ನು ನಾಜೂಕಾಗಿ ಸರಿಸಿ ಸವೆಯದ ಜಾಗದಲ್ಲಿ ಓಡುವಂತೆ ಮಾಡಿದರೆ ಮೀಟರ್ ಮತ್ತೆ ಬಹುಕಾಲ ಬಾಳುತ್ತದೆ. ಆದರೆ ಕಪ್ಪು ಮುಚ್ಚಳ ಬಿಚ್ಚಿದ ಕೂಡಲೇ ಕಾಣುವ ಹಲ್ಲಿನ ಚಕ್ರವನ್ನು ತಿರುಗಿಸಿ ಸ್ಪ್ರಿಂಗ್ ಸಡಿಲಿಸುವ ಪರಿಪಾಠ ಕೆಲವು ಗ್ಯಾರೇಜುಗಳಲ್ಲಿದೆ. ಕಾರ್ಖಾನೆಯವರು ಅಳತೆ ಮಾಡಿ ಕೂರಿಸಿದ ಚಕ್ರ ಅದು. ಅದನ್ನು ತಿರುಗಿಸಿದರೆ ಎಲ್ಲ ವೇಗಗಳಲ್ಲೂ ಮಿಶ್ರಣ ಬದಲಾಗುತ್ತದೆ, ಗುರುತು ಹಾಕಿಕೊಳ್ಳದಿದ್ದರೆ ಮೊದಲಿನ ಸ್ಥಿತಿಗೆ ತರುವುದು ಅಸಾಧ್ಯ. ದಯವಿಟ್ಟು ಅದನ್ನು ಮುಟ್ಟಬೇಡಿ ಎಂದು ಎಲ್ಲ ಮೆಕ್ಯಾನಿಕ್ ಬಂಧುಗಳಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಇವೆರಡೂ ಸರಿಯಿದ್ದು, ನೀರಿನ ಮಾಪಕವೂ ಫಿಲ್ಟರ್ ಪೆಟ್ಟಿಗೆಯಲ್ಲೇ ತಡೆ ಇದೆ ಎಂದು ತೋರಿಸಿದರೆ, ಆಗ ಪೆಟ್ಟಿಗೆಯನ್ನು ಉಳಿಸಿಕೊಂಡೇ ಅದಕ್ಕೆ ಹೊರಗಿನ ಗಾಳಿಯ ದಾರಿಯನ್ನು ಹಿಗ್ಗಿಸಬಹುದು. ಕೋನ್ ಫಿಲ್ಟರೇ ಬೇಕೆನ್ನುವವರು ನಮ್ಮ ಟಿಂಕರಿಂಗ್ ಕೆಲಸದವರಿಂದ ಅಲ್ಯೂಮಿನಿಯಂ ತಗಡಿನ ತಡಿಕೆ ಮಾಡಿಸಿ, ಬಾನೆಟ್‌ಗೆ ತಾಗುವ ಅಂಚಿಗೆ ರಬ್ಬರ್ ಬೀಡಿಂಗ್ ಹಾಕಿಸಿ, ಎಂಜಿನ್ ಕಾವಿನಿಂದ ಫಿಲ್ಟರನ್ನು ಪೂರ್ತಿ ಬೇರ್ಪಡಿಸಲಿ. ಮೂಲ ಕೊಳವೆಯ ಉದ್ದ ಮತ್ತು ಅದಕ್ಕೆ ಅಂಟಿಕೊಂಡ ಖಾಲಿ ಡಬ್ಬಿಯಂಥ ಕೋಣೆಗಳನ್ನು ವ್ಯರ್ಥವೆಂದು ತಿಳಿದು ಕಿತ್ತೆಸೆಯಬಾರದು. ವಾಲ್ವ್ ಮುಚ್ಚಿ ತೆರೆಯುವಾಗ ಏಳುವ ಒತ್ತಡದ ಅಲೆಗಳು ಕೊಳವೆಯಲ್ಲಿ ಶಬ್ದದ ವೇಗದಲ್ಲಿ ಹೋಗಿ ಮರಳುತ್ತವೆ. ಮರಳುವ ಅಲೆ ಸರಿಯಾದ ಹೊತ್ತಿಗೆ ಬಂದರೆ ಸಿಲಿಂಡರ್‌ಗೆ ಹೆಚ್ಚು ಗಾಳಿ ತುಂಬುತ್ತದೆ. ಆ ಉದ್ದವನ್ನು ಕತ್ತರಿಸಿದಾಗ ಮೇಲಿನ ವೇಗದಲ್ಲಿ ಸ್ವಲ್ಪ ಸಿಕ್ಕರೂ, ಚಾಮುಂಡಿ ಬೆಟ್ಟ ಹತ್ತುವಾಗ ನಿಜವಾಗಿ ಬೇಕಾಗುವ ನಡುವಿನ ಎಳೆತ ಕೈಬಿಡುವುದುಂಟು. ತಣ್ಣನೆಯ ಗಾಳಿಗೆಂದು ಕೊಳವೆಯನ್ನು ಬಂಪರ್ ಕೆಳಗೆ ಇಳಿಸುವುದೂ ಬೇಡ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿ ಮುಳುಗಿದ್ದು ಎಲ್ಲರಿಗೂ ನೆನಪಿದೆ. ಸಿಲಿಂಡರ್‌ಗೆ ನೀರು ಹೊಕ್ಕರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ; ಹಳೆಯ ಸ್ಪೋರ್ಟ್ಸ್ ಕಾರಿಗೆ ಆ ಬಿಡಿಭಾಗ ಹುಡುಕುವ ಕಷ್ಟ ಅದನ್ನು ಇಟ್ಟುಕೊಂಡವರಿಗೇ ಗೊತ್ತು.

ದೂಳಿನ ಬಗ್ಗೆ ಲೇಖನ ಒಂದು ಮಾತನ್ನೂ ಆಡಿಲ್ಲ. ಕಬ್ಬು ಅರೆಯುವ ಕಾಲದಲ್ಲಿ ಮಂಡ್ಯ, ಪಾಂಡವಪುರದ ಕಡೆ ಓಡಾಡಿದವರಿಗೆ ಟ್ರ್ಯಾಕ್ಟರುಗಳು ಎಬ್ಬಿಸುವ ಮಣ್ಣು, ಆಲೆಮನೆಗಳ ಬೂದಿ, ರಸ್ತೆ ಬದಿಯ ಮರಳಿನ ಪರಿಚಯವಿರುತ್ತದೆ. ಒಳ್ಳೆಯ ಕಾಗದದ ಫಿಲ್ಟರ್ ಇದರಲ್ಲಿ ಬಹುಪಾಲನ್ನು ತಡೆಯುತ್ತದೆ. ಅಗ್ಗದ ಜಾಲರಿ ಫಿಲ್ಟರ್‌ಗಳು ತಡೆಯುವುದಿಲ್ಲ. ಒಳಹೊಕ್ಕ ಮರಳಿನ ಕಣಗಳು ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯನ್ನು ಉಜ್ಜುತ್ತಾ ಹೋಗುತ್ತವೆ, ಕೆಲವೇ ಸಮಯದಲ್ಲಿ ಎಂಜಿನ್ ಆಯಿಲ್ ಕುಡಿಯಲು ತೊಡಗುತ್ತದೆ. ಯಾವುದೇ ಫಿಲ್ಟರ್ ಹಾಕಿರಲಿ, ಅದರಾಚೆಯ ಕೊಳವೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಬೇಕು. ಬಟ್ಟೆಗೆ ಕೆಂಪು ಮಣ್ಣು ಹತ್ತಿದರೆ ಆ ಫಿಲ್ಟರ್ ಅಥವಾ ಅದರ ಕ್ಲಾಂಪ್ ಕೆಲಸ ಮಾಡುತ್ತಿಲ್ಲ. ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಬಳಸುವವರು, ವಿಶೇಷವಾಗಿ ಬಿಸಿ ತಂತಿಯ ಮೀಟರ್ ಇರುವವರು, ಎಣ್ಣೆ ಅತಿಯಾಗದಂತೆ ನೋಡಿಕೊಳ್ಳಬೇಕು. ತಂತಿಗೆ ಎಣ್ಣೆ ಅಂಟಿದರೆ ಅಳತೆ ಕೆಡುತ್ತದೆ.

ಥ್ರಾಟಲ್ ಬಾಡಿಯನ್ನು ಲೇತ್‌ನಲ್ಲಿ ಕೊರೆಸಿ ದೊಡ್ಡದು ಮಾಡುವುದರಿಂದ ಅರ್ಧ ಪೆಡಲ್‌ಗೇ ಹೆಚ್ಚು ಗಾಳಿ ಹೋಗಿ ಕಾರು ಚುರುಕಾದಂತೆ ಅನಿಸುತ್ತದೆ, ಪೂರ್ತಿ ಒತ್ತಿದಾಗಿನ ಶಕ್ತಿ ಅಷ್ಟೇ ಇರುತ್ತದೆ. ಅದರ ಬದಲು ಒಳಗೆ ಕಟ್ಟಿದ ಕಾರ್ಬನ್ ಮಸಿಯನ್ನು ತೊಳೆದು, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ರಂಧ್ರಕ್ಕೆ ಅಡ್ಡ ಬರದಂತೆ ಕೂರಿಸಿದರೆ ಸಾಕು. ಸಿಲಿಂಡರಿಗೆ ಎರಡೇ ವಾಲ್ವ್ ಇರುವ ಎಂಜಿನ್‌ಗಳಲ್ಲಿ ದೊಡ್ಡ ತಡೆ ಇರುವುದು ವಾಲ್ವ್ ಸೀಟಿನ ಬಳಿ. ಆ ಕೆಲಸ ಹೆಡ್ ಬಿಚ್ಚಿದಾಗ, ಬಲ್ಲವರಿಂದ ಆಗಬೇಕಾದದ್ದು.

ಕೊನೆಯದಾಗಿ ಎರಡು ಕೋರಿಕೆಗಳು. ಮೈಸೂರಿನಲ್ಲಿ 1946ರಿಂದ ಎನ್‌ಐಇ, 1963ರಿಂದ ಎಸ್‌ಜೆಸಿಇ, ಮಂಡ್ಯದಲ್ಲಿ 1962ರಿಂದ ಪಿಇಎಸ್ ಎಂಜಿನಿಯರಿಂಗ್ ಕಾಲೇಜುಗಳಿವೆ. ಎಂಜಿನ್ ಎಳೆಯುವ ಗಾಳಿಯನ್ನು ಏರ್ ಬಾಕ್ಸ್, ಆರಿಫಿಸ್ (ಅಳತೆಯ ರಂಧ್ರ) ಮತ್ತು ನೀರಿನ ಮಾಪಕದಿಂದ ಅಳೆಯುವುದು ಮೆಕ್ಯಾನಿಕಲ್ ವಿದ್ಯಾರ್ಥಿಗಳ ಮಾಮೂಲಿ ಪ್ರಯೋಗ. ಬನ್ನಿಮಂಟಪ, ಹೆಬ್ಬಾಳ ಕಡೆಯ ಗ್ಯಾರೇಜುಗಳ ಮೆಕ್ಯಾನಿಕ್‌ಗಳನ್ನು ತಿಂಗಳಿಗೊಂದು ಶನಿವಾರ ತಮ್ಮ ಪ್ರಯೋಗಾಲಯಕ್ಕೆ ಕರೆದು, ಈ ಅಳತೆಯನ್ನು ಅವರ ಕೈಯಲ್ಲೇ ಮಾಡಿಸಿ ತೋರಿಸಲು ಈ ಕಾಲೇಜುಗಳು ಮುಂದಾಗಬೇಕು. ಮೆಕ್ಯಾನಿಕ್‌ಗಳು ಅಲ್ಲಿ ಕಲಿಯುವಷ್ಟನ್ನೇ ವಿದ್ಯಾರ್ಥಿಗಳೂ ಅವರಿಂದ ಕಲಿಯುತ್ತಾರೆ ಎಂಬ ವಿಶ್ವಾಸ ನನಗಿದೆ. ತಮ್ಮ ಪತ್ರಿಕೆಯೂ ವಾಹನ ಪುಟದಲ್ಲಿ ಇಂಥ ಮಾರ್ಪಾಡುಗಳ ಬಗ್ಗೆ ಬರೆಯಿಸುವಾಗ, ಮಾಡುವ ಮೊದಲಿನ ಮತ್ತು ಮಾಡಿದ ಮೇಲಿನ ಒತ್ತಡ ಹಾಗೂ ಉಷ್ಣಾಂಶದ ಅಂಕಿಗಳನ್ನು ಲೇಖಕರಿಂದ ಕೇಳಿ ಪಡೆದು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಕೋನ್ ಫಿಲ್ಟರ್ ಲೇಖನದ ಲೇಖಕರಲ್ಲಿ ಅಂಥ ಅಂಕಿಗಳಿದ್ದರೆ, ಅವನ್ನು ಮುಂದಿನ ಸಂಚಿಕೆಯಲ್ಲೇ ಓದಲು ಕಾಯುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಆಟೊಮೊಬೈಲ್ ಬೋಧಕ
ಸರಸ್ವತಿಪುರಂ, ಮೈಸೂರು